ಕೈ ಬಿಟ್ಟರೆ ನಿಲ್ಲುವ ಯಂತ್ರ

ಡಿಸೆಂಬರ್ ೯

ನಿನ್ನೆ ಮಧ್ಯಾಹ್ನ ಶುರುವಾದ ಹಿಮ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮೊಣಕಾಲಿನವರೆಗೆ ಬಂದಿತ್ತು. ಈ ಚಳಿಗಾಲದಲ್ಲಿ ಮೊದಲ ಸಲ ಊರಿನ ಸಂಘದ ಹಿಮ ಎಸೆಯುವ ಯಂತ್ರವನ್ನು ಶೆಡ್ಡಿನಿಂದ ಹೊರಗೆ ತೆಗೆದೆ. ಒಂದೇ ಸಲಕ್ಕೆ ಶುರುವಾಯಿತು. ಬಸ್ ಗ್ಯಾರೇಜಿನ ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಎಂಜಿನ್ನಿನ ದನಿ ಕೇಳಿದರೆ ಈಗಲೂ ಮೈ ಹಗುರಾಗುತ್ತದೆ.

ಕ್ಷೌರದ ಅಂಗಡಿಯ ಇಸೊಗಾಯಿಯವರು ಕಲಿಯಬೇಕೆಂದು ಬಂದಿದ್ದರು. ವಸಂತದಲ್ಲಿ ಹೆಂಡತಿ ಕಾಹೋ ಜೊತೆ ದೂರದ ಚಿಬಾ ನಗರದಿಂದ ಬಂದು ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ ಅಂಗಡಿ ಇಟ್ಟವರು. ನನ್ನ ಸೊಂಟ ಹಿಡಿದುಕೊಂಡ ದಿನ ಯಂತ್ರ ನಡೆಸಲು ಊರಿನಲ್ಲಿ ಇನ್ನೊಬ್ಬರು ಇದ್ದರೆ ಒಳ್ಳೆಯದೇ.

"ಶುರು ಮಾಡೋದನ್ನ ಯಾರು ಬೇಕಾದ್ರೂ ಮಾಡ್ತಾರೆ ಕಣಪ್ಪಾ. ನಿಲ್ಲಿಸೋದನ್ನ ಮೊದ್ಲು ಕಲಿ" ಎಂದೆ.

ಎಣ್ಣೆ ನೋಡುವುದು, ಪೆಟ್ರೋಲಿನ ನಲ್ಲಿ ತಿರುಗಿಸುವುದು, ಗೇರು ನ್ಯೂಟ್ರಲ್ಲಿನಲ್ಲಿಡುವುದು, ಚೋಕ್ ಎಳೆದು ಕೀ ತಿರುಗಿಸುವುದು, ಎಂಜಿನ್ ಕೆಮ್ಮುವುದು ನಿಂತ ಮೇಲೆ ಚೋಕ್ ಒಳಕ್ಕೆ ತಳ್ಳುವುದು. ಆಮೇಲೆ ಹ್ಯಾಂಡಲ್ ಮೇಲಿನ ಲಿವರ್ ತೋರಿಸಿದೆ. ಒತ್ತಿ ಹಿಡಿದರೆ ಯಂತ್ರ ಮುಂದೆ ಹೋಗುತ್ತದೆ, ಬ್ಲೇಡು ತಿರುಗುತ್ತದೆ. ಕೈ ಬಿಟ್ಟರೆ ಎರಡೂ ನಿಲ್ಲುತ್ತವೆ.

"ಏನೇ ಆಗ್ಲಿ, ಜಾರಿದ್ರೂ ಸರಿ, ಹೆದರಿದ್ರೂ ಸರಿ, ಯೋಚ್ನೆ ಮಾಡ್ಬೇಡ, ಕೈ ಬಿಡು. ಹಿಮ ಉಗುಳೋ ಈ ಸೊಂಡಿಲು ಕಟ್ಟಿಕೊಂಡ್ರೆ ಎಂಜಿನ್ ಆರಿಸು, ಕೀ ಜೇಬಿಗೆ ಹಾಕ್ಕೋ, ಆಮೇಲೆ ಕೋಲು. ಕೈ ಮಾತ್ರ ಹಾಕ್ಬೇಡ."

"ಕೈ ಬಿಟ್ರೆ ನಿಲ್ಲುತ್ತೆ, ಕೀ ಜೇಬಿಗೆ, ಆಮೇಲೆ ಕೋಲು" ಎಂದು ಇಸೊಗಾಯಿಯವರು ಶಾಲೆಯ ಹುಡುಗನ ಹಾಗೆ ಒಪ್ಪಿಸಿದರು. ಲಿವರನ್ನು ಎಷ್ಟು ಮೆದುವಾಗಿ ಹಿಡಿಯುತ್ತಾರೆಂದರೆ, ಬೆರಳುಗಳಲ್ಲೇ ಬುದ್ಧಿಯಿದೆ ಎನಿಸಿತು.

ಸಂಜೆ ಕರೆದುಕೊಂಡು ಹೋಗಿ ಕೂದಲು ಕತ್ತರಿಸಿದರು. ಮುಖದ ಮೇಲೆ ಬಿಸಿ ಟವೆಲ್ ಹಾಕಿದಾಗ ನಿದ್ದೆಯೇ ಬಂತು. ಮನೆಗೆ ಬಂದಾಗ ಹೆಂಡತಿ ಹಿಸಾಯೊ ನೋಡಿ, "ಏನ್ರೀ, ಮದುವೆ ಗಂಡಿನ ಥರ ಆಗ್ಬಿಟ್ಟಿದ್ದೀರಿ" ಎಂದಳು.

ಡಿಸೆಂಬರ್ ೧೭

ಒನೊದೆರಾ ಅಣ್ಣ ತಮ್ಮ ಮನೆ ಮಾಡಿನ ಹಿಮವನ್ನೆಲ್ಲ ಕ್ಷೌರದ ಅಂಗಡಿಯ ಮೇಲ್ಗಡೆಯ ಕಾಲುವೆಗೆ ತಳ್ಳಿಸಿದ್ದರು. ಕಾಲುವೆ ಕಟ್ಟಿಕೊಂಡು ನೀರು ಇಸೊಗಾಯಿಯವರ ಅಂಗಡಿಯೊಳಗೆ ನುಗ್ಗಿತು. ನಾನು ಹೋದಾಗ ಕಾಹೋ ಪ್ಯಾಂಟು ಮಡಚಿಕೊಂಡು ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದಳು. ತುಟಿ ನೀಲಿಯಾಗಿತ್ತು.

ಇಸೊಗಾಯಿಯವರು ಕೇಳಲು ಹೋದರು, ನಾನೂ ಹಿಂದೆಯೇ ಹೋದೆ. ಒನೊದೆರಾ ಅಣ್ಣ ಊರಿನ ಸಂಘದ ಮುಖ್ಯಸ್ಥರು. ಅವರ ಅಪ್ಪನೂ ಮುಖ್ಯಸ್ಥರಾಗಿದ್ದರು. ಬಾಗಿಲಲ್ಲೇ ನಿಂತು ಹೇಳಿದರು:

"ನಮ್ಮಪ್ಪನ ಕಾಲದಿಂದ ಅಲ್ಲೇ ಹಾಕ್ತಿರೋದು. ನೀನು ಬಂದಿದೀಯ ಅಂತ ನೀರಿಗೆ ಯಾರೂ ಹೇಳಿಲ್ಲ, ಏನ್ಮಾಡೋದು?"

ಅವರ ಹಿಂದೆ ಮನೆಯೊಳಗೆ ಇದ್ದವರು ನಕ್ಕರು. ನಾನು ನಗಲಿಲ್ಲ. ಇಸೊಗಾಯಿಯವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಡಿಸೆಂಬರ್ ೨೦

ಇಸೊಗಾಯಿ ಪಟ್ಟಣದ ಕಚೇರಿಗೆ ಫೋನ್ ಮಾಡಿಬಿಟ್ಟಿದ್ದಾರೆ. ಇವತ್ತು ಇಬ್ಬರು ಬಂದರು. ಮೊಮ್ಮಕ್ಕಳ ವಯಸ್ಸಿನವರು. ಎಲ್ಲರ ಎದುರಿಗೆ ಒನೊದೆರಾ ಅಣ್ಣನಿಗೆ ಕಾನೂನು ಓದಿ ಹೇಳಿ, ಕಾಲುವೆ ಬಿಡಿಸಿ ಎಂದರು. ಅಣ್ಣ ಸಲಿಕೆ ಹಿಡಿದು ಕಾಲುವೆಗೆ ಇಳಿದರು. ಯಾರೋ ಸಹಾಯಕ್ಕೆ ಹೋದರೆ "ದೂರ ನಿಲ್ಲೋ!" ಎಂದು ಗದರಿದರು. ನೋಡಲು ಆಗಲಿಲ್ಲ.

ಸಂಜೆಯ ಸಭೆಯಲ್ಲಿ ಅವರು ಇಷ್ಟೇ ಹೇಳಿದ್ದು: "ಇನ್ನೊಂದ್ಸಲ ಬಂದು ಕೇಳಿದ್ರೆ ನಾನೇನು ಕಚ್ತಿದ್ನಾ?"

ಅದೂ ನಿಜವೇ. ನನ್ನ ಹತ್ತಿರವಾದರೂ ಬರಬಹುದಿತ್ತು.

ಡಿಸೆಂಬರ್ ೨೪

ಇಸೊಗಾಯಿ ಅಂಗಡಿಯ ಮುಂದೆ ಯಂತ್ರ ಹೋಗಬಾರದೆಂದು ಒನೊದೆರಾ ಅಣ್ಣ ಹೇಳಿ ಕಳಿಸಿದರು. ಹೋದೆ. ದಾರಿ ಬಿಡಿಸಿದೆ. ಹಿಮ ಎಲ್ಲರ ಮನೆ ಮುಂದೆಯೂ ಬೀಳುತ್ತದೆ. ಕಾಹೋ ಬಿಸಿ ಕಾಫಿ ತಂದುಕೊಟ್ಟಳು, ಬೀದಿಯಲ್ಲೇ ನಿಂತು ಕುಡಿದೆ. ಎಲ್ಲರೂ ನೋಡಲಿ ಎಂದೇ.

ಡಿಸೆಂಬರ್ ೨೫

ಬೆಳಿಗ್ಗೆ ಶೆಡ್ಡಿನ ಹತ್ತಿರ ಒನೊದೆರಾ ಅಣ್ಣ ಕಾದು ನಿಂತಿದ್ದರು.

"ಕಾಫಿ ಚೆನ್ನಾಗಿತ್ತೇನೋ, ತೊಕುಜಿ?"

ನಾನು ಶೆಡ್ಡಿನ ಬೀಗ ತೆಗೆಯತೊಡಗಿದೆ.

"ಶೆಡ್ಡಿನ ಬೀಗದ ಕೈ ಸಂಘದ್ದು ಕಣೋ, ನಿನ್ನ ಮಾವನ ಮನೇದಲ್ಲ. ನನ್ನ ಅಳಿಯನಿಗೂ ಮಷೀನು ಓಡ್ಸಕ್ಕೆ ಬರುತ್ತೆ. ನೀನು ಮನೇಲಿ ಕೂತ್ಕೊಂಡು ಹಲ್ಲು ಕಡ್ಡಿ ಕೆತ್ತು."

ಅಳಿಯ ಅಂದರೆ ಚೋಕ್ ಎಳೆದೇ ಓಡಿಸುವವನು. ಒಂದು ವಾರದಲ್ಲಿ ಎಂಜಿನ್ ಹಾಳು ಮಾಡುತ್ತಾನೆ. ಇಡೀ ಊರಿಗೆ ತೊಂದರೆ.

ಡಿಸೆಂಬರ್ ೨೬

ಇಸೊಗಾಯಿ ಅಂಗಡಿಯನ್ನು ಬಿಟ್ಟು ಮಿಕ್ಕ ದಾರಿಯೆಲ್ಲ ಬಿಡಿಸಿದೆ. ಸೊಂಟ ನೋಯುತ್ತಿತ್ತು.

ಡಿಸೆಂಬರ್ ೨೮

ಬೆಳಗಿನ ಜಾವ ಸರ್ಕಾರಿ ಲಾರಿ ಹೆದ್ದಾರಿಯ ಹಿಮ ತಳ್ಳಿಕೊಂಡು ಹೋಗುತ್ತದಲ್ಲ, ಅದು ಎಲ್ಲರ ಮನೆ ಬಾಗಿಲಿಗೂ ಕಲ್ಲಿನಂಥ ಗೋಡೆ ಕಟ್ಟಿಬಿಡುತ್ತದೆ. ಇಸೊಗಾಯಿ ಮತ್ತು ಕಾಹೋ ಎರಡು ಸಲಿಕೆ ಹಿಡಿದು ಮಧ್ಯಾಹ್ನದವರೆಗೂ ಒಡೆಯುತ್ತಿದ್ದರು. ಬಿಡಿಸಿದಷ್ಟೂ ಬೀಳುತ್ತಿತ್ತು. ಅವರ ಅಂಗಡಿಗೆ ಈಗ ಯಾರೂ ಹೋಗುವುದಿಲ್ಲ. ಕ್ಷೌರಕ್ಕೆ ಪಟ್ಟಣಕ್ಕೆ ಹೋಗುತ್ತಾರೆ.

ನಾನು ಯಂತ್ರದ ಜೊತೆ ಹಾದುಹೋದಾಗ ಇಸೊಗಾಯಿ ಟೋಪಿ ತೆಗೆದು ತಲೆ ಬಾಗಿಸಿದರು. ಎಂಜಿನ್ ಸದ್ದಿಗೆ ಕೇಳಿಸದವನಂತೆ ಮುಂದೆ ಹೋದೆ. ತಲೆ ಬಾಗಿಸುವುದರಲ್ಲಿ ಕೇಳಿಸುವುದೇನಿದೆ ಎಂದು ಆಮೇಲೆ ಹೊಳೆಯಿತು.

ಹಿಸಾಯೊ ಮೂಲಂಗಿ ಉಪ್ಪಿನಕಾಯಿ ಡಬ್ಬಿಗೆ ತುಂಬಿಸಿಕೊಂಡು ಅವರ ಮನೆಗೆ ಹೊರಟಿದ್ದಳು.

"ಈಗ ಬೇಡ ಕಣೇ. ಹೊಸ ವರ್ಷ ಕಳೀಲಿ" ಎಂದೆ.

"ಉಪ್ಪಿನಕಾಯಿಗೂ ಒನೊದೆರಾ ಅಪ್ಪಣೆ ಬೇಕಾ?" ಎಂದು ಕೇಳಿ ಹೊರಟೇ ಹೋದಳು.

ಜನವರಿ ೩

ಒನೊದೆರಾ ಅಣ್ಣನ ಮನೆಯಲ್ಲಿ ಹೊಸ ವರ್ಷಕ್ಕೆ ಸಾಕೆ ಮದ್ಯದ ಕೂಟ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ತಾವೇ ಬಡಿಸಿದರು. ಹಿಂದಿನ ವರ್ಷ ಬಾಗಿಲ ಹತ್ತಿರ ಕೂತಿದ್ದೆ. ಕುಡಿತ ಏರಿದ ಮೇಲೆ ಅಣ್ಣ ಎಂದರು, "ಶೆಡ್ಡಿನ ಮೂಲೇಲಿ ಬಿದ್ದಿದೆಯಲ್ಲ ಹಳೇ ಮಷೀನು, ಅದನ್ನ ಕ್ಷೌರದವನಿಗೆ ಕೊಟ್ಬಿಡೋಣ. ಪಾಪ, ಮತ್ತೆ ಕಚೇರಿಗೆ ಫೋನ್ ಮಾಡಿ ಅತ್ಕೋಬಾರದಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೂ ಒಂದು ಭಾರ ಇಳಿದಂತಾಯಿತು.

ಜನವರಿ ೫

ಹಳೆಯ ಯಂತ್ರವನ್ನು ಬಿಚ್ಚಿ ಕಾರ್ಬುರೇಟರ್ ತೊಳೆದೆ, ಎಣ್ಣೆ ಬದಲಿಸಿದೆ. ಶುರುವಾಯಿತು. ಆದರೆ ಅದನ್ನು ಮೂಲೆಗೆ ತಳ್ಳಿದ್ದು ಯಾಕೆಂದು ಲಿವರ್ ಒತ್ತಿದಾಗ ನೆನಪಾಯಿತು. ಒಳಗಿನ ಸ್ಪ್ರಿಂಗು ಸತ್ತಿದೆ. ಕೈ ಬಿಟ್ಟರೆ ಲಿವರ್ ಮೇಲಕ್ಕೆ ಬರುವುದಿಲ್ಲ, ಅಲ್ಲೇ ಕೆಳಗೆ ನಿಲ್ಲುತ್ತದೆ. ಬ್ಲೇಡು ತಿರುಗುತ್ತಲೇ ಇರುತ್ತದೆ. ಬೆರಳಿನಿಂದ ಎತ್ತಿದರೆ ಮಾತ್ರ ನಿಲ್ಲುತ್ತದೆ.

ಒನೊದೆರಾ ಅಣ್ಣನಿಗೆ ಹೇಳಿದೆ.

"ಶುರು ಆಗುತ್ತಲ್ಲ?" ಎಂದರು.

"ಶುರುವಾಗುತ್ತಣ್ಣ. ನಿಲ್ಲೋದೇ ಕಷ್ಟ."

"ಹಾಗಾದ್ರೆ ಅವನಿಗೆ ಸರಿಯಾಗಿದೆ. ಅವನ ಬಾಯೂ ಹಾಗೇ." ತಮ್ಮ ಮಾತಿಗೆ ತಾವೇ ನಕ್ಕು, "ತಮಾಷೆ ಕಣೋ. ಕೊಟ್ಬಿಡು, ನಾಡಿದ್ದು ಮತ್ತೆ ಬೀಳುತ್ತಂತೆ" ಎಂದರು.

ಸ್ಪ್ರಿಂಗು ತರಿಸಲು ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ಬಂದ ತಕ್ಷಣ ಹಾಕಿದರಾಯಿತು.

ಜನವರಿ ೮

ಯಂತ್ರವನ್ನು ಇಸೊಗಾಯಿಗೆ ಒಪ್ಪಿಸಿದೆವು. ಒನೊದೆರಾ ಅಣ್ಣನೂ ಬಂದಿದ್ದರು. ಇಸೊಗಾಯಿ ಸೊಂಟ ಮುರಿಯುವಷ್ಟು ಬಾಗಿ ವಂದಿಸಿದ. ಕಾಹೋ ಕಣ್ಣೊರೆಸಿಕೊಂಡಳು. "ಮುಖ್ಯಸ್ಥರೇ, ನಾನು ದುಡುಕಿಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ" ಎಂದು ಅವನೇ ಕ್ಷಮೆ ಕೇಳಿದ. ಅಣ್ಣ ಅವನ ಬೆನ್ನು ತಟ್ಟಿದರು.

ಶುರು ಮಾಡುವುದನ್ನು ತೋರಿಸಿದೆ. ಇದರಲ್ಲಿ ಚೋಕ್ ಸ್ವಲ್ಪ ಬಿಗಿ, ಹಗ್ಗ ಎಳೆದು ಶುರು ಮಾಡಬೇಕು, ಬೆಚ್ಚಗಾಗಲು ತಡ ಮಾಡುತ್ತದೆ.

"ನಿಲ್ಲಿಸೋದು, ಕನೋಮಾತಾ ಅವ್ರೇ?" ಎಂದು ಇಸೊಗಾಯಿ ನನ್ನ ಮನೆತನದ ಹೆಸರು ಹಿಡಿದು ಕೇಳಿದ.

ಒನೊದೆರಾ ಅಣ್ಣ ಸಿಗರೇಟು ಹಚ್ಚುತ್ತಾ ನನ್ನನ್ನೇ ನೋಡುತ್ತಿದ್ದರು. ಅಷ್ಟು ಒಳ್ಳೆಯ ಗಳಿಗೆಯಲ್ಲಿ ಕೊಟ್ಟ ಉಡುಗೊರೆಗೆ ಹೇಗೆ ಕೊಂಕು ತೆಗೆಯುವುದು?

"ಸಂಘದ ಮಷೀನಿನ ಹಾಗೇನೇ" ಎಂದೆ.

"ಕೈ ಬಿಟ್ರೆ ನಿಲ್ಲುತ್ತೆ, ಕೀ ಜೇಬಿಗೆ, ಆಮೇಲೆ ಕೋಲು" ಎಂದ ಇಸೊಗಾಯಿ. ಒಳ್ಳೆಯ ಜ್ಞಾಪಕಶಕ್ತಿ.

ಜನವರಿ ೧೧

ಸ್ಪ್ರಿಂಗಿನ ಪಾರ್ಸಲ್ ಬಂತು. ಹಿಸಾಯೊ ತಂದುಕೊಟ್ಟಳು.

"ಏನ್ರೀ ಇದು, ಒಳಗೇನೂ ಇಲ್ಲವೇನೋ ಅನ್ನೋಷ್ಟು ಹಗುರ?"

"ಇಸೊಗಾಯಿ ಮಷೀನಿಗೆ ಸ್ಪ್ರಿಂಗು. ಅದಿಲ್ದೆ ಬ್ಲೇಡು ನಿಲ್ಲಲ್ಲ."

"ಹಾಗಾದ್ರೆ ಈಗ್ಲೇ ಹೋಗ್ಬನ್ನಿ."

ಹೋದೆ. ಅಂಗಡಿಯ ಎದುರಿನ ತಿರುವಿನಲ್ಲಿ ಒನೊದೆರಾ ಅಣ್ಣ ಮತ್ತು ಅಳಿಯ ಮಾತಾಡುತ್ತಾ ನಿಂತಿದ್ದರು. ಅವರೆದುರಿಗೆ ಇಕ್ಕಳ ಹಿಡಿದು ಹೋಗುವುದು ಸರಿ ಕಾಣಲಿಲ್ಲ. ಸಿಗರೇಟು ತರಲು ಬಂದವನಂತೆ ವಾಪಸ್ಸು ಬಂದೆ. ಸ್ಪ್ರಿಂಗು ಕೋಟಿನ ಜೇಬಿನಲ್ಲಿದೆ. ಹಾಕಿದ್ದೇನೆಂದು ಹಿಸಾಯೊ ತಿಳಿದಿದ್ದಾಳೆ, ನಾನು ಏನೂ ಹೇಳಲಿಲ್ಲ.

ಜನವರಿ ೧೪

ಹಿಮ. ಸೊಂಟ ನೋವು.

ನಮ್ಮ ಮನೆ ಕಿಟಕಿಯಿಂದ, ಬೀದಿಯಾಚೆ ಇಸೊಗಾಯಿ ಕೆಲಸ ಮಾಡುವುದನ್ನು ನೋಡಿದೆ. ಸೊಂಡಿಲು ಕಟ್ಟಿಕೊಂಡಾಗ ಎಂಜಿನ್ ಆರಿಸಿ ಕೀ ಜೇಬಿಗೆ ಹಾಕಿಕೊಂಡೇ ಕೋಲು ಹಿಡಿದ. ಇಷ್ಟು ಜಾಗ್ರತೆಯ ಮನುಷ್ಯನಿಗೆ ಏನೂ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಎಂಜಿನ್ನನ್ನೇ ಆರಿಸುತ್ತಾನಾದ್ದರಿಂದ ಲಿವರ್ ವಿಷಯ ಅವನ ಗಮನಕ್ಕೇ ಬಂದಿಲ್ಲ. ಬರದಿದ್ದರೆ ತೊಂದರೆಯೂ ಇಲ್ಲ.

ಜನವರಿ ೧೬

ಗಾಳಿ ಆ ಕಡೆಗಿತ್ತು. ಸೊಂಡಿಲನ್ನು ಯಾವ ಕಡೆ ತಿರುಗಿಸಿದರೂ ಹಿಮ ಕ್ಷೌರದವನ ಬಾಗಿಲಿಗೇ ಹೋಗಿ ಬೀಳುತ್ತಿತ್ತು. ಅವನಿಗೆ ಈಗ ಸ್ವಂತ ಯಂತ್ರ ಇದೆ. ಒನೊದೆರಾ ಅಣ್ಣನ ಅಳಿಯ ನೋಡಿ ಶಿಳ್ಳೆ ಹೊಡೆದ. ನಗು ಬಂತು.

ಜನವರಿ ೧೯

ಬೆಳಿಗ್ಗೆ ಅಪಘಾತವಾಯಿತು. ಆದದ್ದು ಆದಂತೆ ಬರೆಯುತ್ತೇನೆ.

ಅಂಗಡಿಯ ಬಾಗಿಲ ಮುಂದಿನ ಹಿಮದ ಗುಡ್ಡೆ ಹೆಪ್ಪುಗಟ್ಟಿತ್ತು. ಬ್ಲೇಡಿಗೆ ಬಗ್ಗುತ್ತಿರಲಿಲ್ಲ. ಕಾಹೋ ಮುಂದೆ ನಿಂತು ಸಲಿಕೆಯಲ್ಲಿ ಒಡೆದುಕೊಡುತ್ತಿದ್ದಳು, ಕ್ಷೌರದವನು ಹಿಂದೆ ಯಂತ್ರ ನಡೆಸುತ್ತಿದ್ದ. ಯಂತ್ರದ ಮುಂದೆ ಯಾರೂ ನಿಲ್ಲಬಾರದು. ಅವಳ ಕಾಲು ಜಾರಿತು. ಯಂತ್ರದ ಬಾಯಿಯ ಎದುರಿಗೇ ಬಿದ್ದಳು. ಅವನು ಎರಡೂ ಕೈ ಬಿಟ್ಟ. ನಾನು ನಮ್ಮ ಅಂಗಳದಿಂದ ನೋಡಿದೆ, ಎರಡೂ ಕೈಗಳನ್ನು ಮೇಲಕ್ಕೆತ್ತಿ ಬಿಟ್ಟ, ನಾನು ಕಲಿಸಿದ ಹಾಗೆಯೇ. ಬಿಟ್ಟು ಒಂದು ಕ್ಷಣ ಹಾಗೇ ನಿಂತ, ನಿಲ್ಲುತ್ತದೆ ಎಂದು. ನಿಲ್ಲಲಿಲ್ಲ. ಯಂತ್ರ ಮುಂದೆ ಹೋಯಿತು. ಅವನು ಓಡಿ ಬಂದು ಅವಳ ಕೋಟು ಹಿಡಿದು ಎಳೆದ. ಅವಳು ಹೊರಗೆ ಬಂದಳು. ಅವನ ಬಲಗೈ ಒಳಗೆ ಹೋಯಿತು.

ನಾನು ಓಡಿ ಹೋಗಿ ಕೀ ತಿರುಗಿಸಿದೆ. ಅಲ್ಲಿಯವರೆಗೂ ಬ್ಲೇಡು ತಿರುಗುತ್ತಲೇ ಇತ್ತು. ಕಾಹೋ ಕಿರುಚುತ್ತಿದ್ದಳು, ಅವನು ಕಿರುಚಲಿಲ್ಲ. "ಬಿಟ್ಟೆ, ನಾನು ಬಿಟ್ಟೆ, ಬಿಟ್ನಲ್ಲ" ಎಂದು ನನಗೆ ಹೇಳುತ್ತಿದ್ದ. ಹಿಸಾಯೊ ತನ್ನ ಏಪ್ರನ್ ಹರಿದು ಕೈ ಕಟ್ಟಿದಳು. ಹಿಮದ ಮೇಲೆ ಬಿದ್ದಿದ್ದನ್ನು ಆಯ್ದು ಚೀಲಕ್ಕೆ ಹಾಕಿದ್ದೂ ಅವಳೇ. ಆಂಬುಲೆನ್ಸಿನಲ್ಲಿ ಅವಳೂ ಹೋದಳು.

ಎಲ್ಲರೂ ಹೋದ ಮೇಲೆ ಯಂತ್ರ ದಾರಿಯಲ್ಲೇ ನಿಂತಿತ್ತು. ಲಿವರ್ ಕೆಳಗೇ ಅಂಟಿಕೊಂಡಿತ್ತು. ಹಾಗೇ ಬಿಟ್ಟರೆ ಇನ್ನೊಬ್ಬರಿಗೆ ಅಪಾಯ. ಸ್ಪ್ರಿಂಗು ಜೇಬಿನಲ್ಲಿತ್ತು. ಹಾಕಿದೆ. ಇಕ್ಕಳ ಒಂದೇ ಸಾಕಾಯಿತು, ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನಾಲ್ಕು ಸಲ ಒತ್ತಿ ನೋಡಿದೆ. ಕೈ ಬಿಟ್ಟರೆ ಟಪ್ಪೆಂದು ಮೇಲೆ ಬರುತ್ತದೆ. ಹೊಸದರ ಹಾಗೆ.

ಜನವರಿ ೨೦

ಪೊಲೀಸರು ಬಂದಿದ್ದರು. ಯಂತ್ರ ಶುರು ಮಾಡಿ, ಲಿವರ್ ಒತ್ತಿ, ಬಿಟ್ಟು ನೋಡಿದರು. ಪ್ರತಿಸಲವೂ ನಿಂತಿತು. ಸಂಘದಿಂದ ಕೊಡುವ ಮುಂಚೆ ಪರೀಕ್ಷೆ ಮಾಡಿದ್ದಿರಾ ಎಂದು ಕೇಳಿದರು. "ತೊಕುಜಿ ಇಡೀ ಜೀವಮಾನ ಬಸ್ಸು ರಿಪೇರಿ ಮಾಡಿದವನು ಸ್ವಾಮಿ, ಅವನ ಕೈಯಿಂದ ಹೋಗಿದ್ದರಲ್ಲಿ ದೋಷ ಇರಲ್ಲ" ಎಂದರು ಒನೊದೆರಾ ಅಣ್ಣ.

"ನೀವು ಓಡಿ ಬಂದಾಗ ಬ್ಲೇಡು ತಿರುಗ್ತಿತ್ತಾ?"

"ಎಂಜಿನ್ ಓಡ್ತಿತ್ತು. ಬ್ಲೇಡು ನಿಂತಿತ್ತು" ಎಂದೆ.

ಲಿವರ್ ಬಿಟ್ಟ ಮೇಲೂ ಬ್ಲೇಡು ಒಂದೆರಡು ಸುತ್ತು ಹಾಕಿಯೇ ನಿಲ್ಲುವುದು. ಅಷ್ಟರಲ್ಲೇ ಗಾಬರಿಯಲ್ಲಿ ಕೈ ಹಾಕಿದ್ದಾನೆ ಎಂದು ಬರೆದುಕೊಂಡರು. ಅಂಥ ಅಪಘಾತ ಎಲ್ಲ ಚಳಿಗಾಲದಲ್ಲೂ ಆಗುತ್ತದೆ.

ಜನವರಿ ೨೩

ಹಿಸಾಯೊ ಆಸ್ಪತ್ರೆಯಿಂದ ಬಂದಳು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆಯಂತೆ. ಆಯ್ದುಕೊಂಡು ಹೋಗಿದ್ದನ್ನು ಹೊಲಿಯಲಾಗಲಿಲ್ಲವಂತೆ. ಅನ್ನದ ಮುಂದೆ ಕೂತು ಕೇಳಿದಳು.

"ಆ ಸ್ಪ್ರಿಂಗು ಯಾವತ್ತು ಹಾಕಿದ್ರಿ?"

"ಹಾಕಿದೀನಿ."

"ಯಾವತ್ತು?"

"ಹಾಕಿದೀನಿ ಅಂದ್ನಲ್ಲ! ಪೊಲೀಸ್ರೇ ನೋಡಿದ್ದಾರೆ, ನೀನೇನು ಅವರಿಗಿಂತ ದೊಡ್ಡೋಳಾ?"

ಸಾರು ತಣ್ಣಗಾಗಿತ್ತು. ಬಿಸಿ ಮಾಡಿಕೊಡು ಎಂದೆ, ಮಾಡಿಕೊಟ್ಟಳು.

ಫೆಬ್ರವರಿ ೨

ಯಂತ್ರಗಳ ಸುರಕ್ಷತೆಯ ಬಗ್ಗೆ ಪಟ್ಟಣದ ಸಭಾಭವನದಲ್ಲಿ ಪಾಠ ಹೇಳಲು ಕಚೇರಿಯವರು ಕರೆಸಿದ್ದರು. ಚೆನ್ನಾಗಿ ಆಯಿತು. ಮುಂದೆ ಯಾರೂ ನಿಲ್ಲಬಾರದು, ಕೈ ಬಿಟ್ಟ ಮೇಲೂ ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಕ್ಷೌರದವನು ಕಾದಿದ್ದರೆ ಬೆರಳು ಉಳಿಯುತ್ತಿತ್ತು ಎಂದು ಉದಾಹರಣೆ ಕೊಟ್ಟೆ. ಹೆಂಗಸರು ಅಯ್ಯೋ ಎಂದರು. ಊಟಕ್ಕೆ ಹುರಿದ ಮೀನಿತ್ತು.

ಫೆಬ್ರವರಿ ೧೮

ಅವರು ಊರು ಬಿಡುತ್ತಿದ್ದಾರೆ. ಹೋಗುವ ಮುಂಚೆ ವಾಡಿಕೆಯಂತೆ ವಿದಾಯದ ಕಾಣಿಕೆಯಾಗಿ ಮನೆಮನೆಗೂ ಟವೆಲ್ ಹಂಚಿಕೊಂಡು ಬಂದರು. ನಮ್ಮ ಮನೆಗೆ ಕೊನೆಗೆ ಬಂದರು. ಅವನು ಬಲಗೈಯನ್ನು ಕೋಟಿನೊಳಗೆ ಇಟ್ಟುಕೊಂಡಿದ್ದ. ಗಡ್ಡ ಬೆಳೆದಿತ್ತು.

"ಊರಿಗೆಲ್ಲ ತೊಂದ್ರೆ ಕೊಟ್ಬಿಟ್ಟೆ" ಎಂದು ತಲೆ ಬಾಗಿಸಿದ. "ಪೊಲೀಸ್ರು ನಿಮ್ಮನ್ನೂ ನಿಲ್ಲಿಸಿ ಕೇಳಿದ್ರಂತೆ. ನನ್ನಿಂದ ನಿಮ್ಗೆ ಅವಮಾನ."

"ಇರ್ಲಿ ಬಿಡಪ್ಪಾ. ಜೀವ ಉಳೀತಲ್ಲ."

"ಒಂದು ಕೇಳ್ಲಾ? ನೀವು ಬಂದಾಗ ಬ್ಲೇಡು ನಿಜವಾಗ್ಲೂ ನಿಂತಿತ್ತಾ? ನನಗೆ... ನಾನು ಕೈ ಬಿಟ್ಟು ಕಾದೆ ಅಂತ ಅನ್ನಿಸುತ್ತೆ. ಬಿಟ್ಟು ಕಾದೆ. ಆದ್ರೆ ಎಲ್ಲರೂ ಇಲ್ಲ ಅಂತಾರೆ."

"ನಿಂತಿತ್ತಪ್ಪ."

"ಸುಳ್ಳು!" ಎಂದಳು ಕಾಹೋ. ಇಷ್ಟು ದಿನದಲ್ಲಿ ಅವಳು ಎದುರು ಮಾತಾಡಿದ್ದು ಕೇಳಿದ್ದು ಅದೇ ಮೊದಲು. "ತಿರುಗ್ತಿತ್ತು. ನನ್ನ ಮುಖದ ಮುಂದೆ ತಿರುಗ್ತಿತ್ತು. ಇವರು ಕೀ ತಿರುಗಿಸೋವರೆಗೂ..."

"ಸುಮ್ನಿರು ಕಾಹೋ" ಎಂದ ಅವನು. "ಕನೋಮಾತಾ ಅವ್ರಿಗೆ ಗೊತ್ತಿರಲ್ವಾ? ಕಲಿಸಿದೋರೇ ಅವರು." ಆಮೇಲೆ ನನ್ನ ಕಡೆ ತಿರುಗಿ, "ಇವಳು ಭಯದಲ್ಲಿ ಹೇಳ್ತಾಳೆ, ತಪ್ಪು ತಿಳ್ಕೋಬೇಡಿ. ಈ ಊರಲ್ಲಿ ನನಗೆ ಕೂತು ಹೇಳ್ಕೊಟ್ಟಿದ್ದು ನೀವೊಬ್ರೇ" ಎಂದು ಮತ್ತೆ ಬಾಗಿದ. ಎಡಗೈಯಲ್ಲಿ ಟವೆಲ್ ಕೊಟ್ಟ.

ಕಾಹೋ ಗಂಡನನ್ನೇ ನೋಡುತ್ತಿದ್ದಳು. ತನ್ನ ಮಾತಿಗಿಂತ ಪರರ ಮಾತು ನಂಬಿದ ಗಂಡನನ್ನು ಹೆಂಗಸರು ನೋಡುವ ರೀತಿಯಲ್ಲಿ. ಅವರಿಬ್ಬರ ನಡುವೆ ಏನೋ ಸರಿಯಿಲ್ಲ. ಕಾರಿಗೆ ಹತ್ತುವಾಗಲೂ ಅವನ ಬೆಲ್ಟನ್ನು ಅವಳು ಹಾಕಿಕೊಡಲಿಲ್ಲ. ಅವನೇ ಒಂದು ಕೈಯಲ್ಲಿ ಒದ್ದಾಡುತ್ತಿದ್ದ.

ಹಿಸಾಯೊ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅತಿಥಿಗಳು ಬಂದಾಗ ಟೀ ಕೂಡ ಕೊಡಲಿಲ್ಲ, ಅದಕ್ಕೆ ಆಮೇಲೆ ಬೈದೆ. ಬ್ಲೇಡು ನಿಂತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ.

ಫೆಬ್ರವರಿ ೨೪

ಒನೊದೆರಾ ಅಣ್ಣ ಈ ವರ್ಷ ಮುಖ್ಯಸ್ಥನ ಜಾಗ ಬಿಡುತ್ತಾರಂತೆ. ನನ್ನ ಹೆಸರು ಹೇಳಿದರು. ಯಾರೂ ಬೇಡವೆನ್ನಲಿಲ್ಲ.

ಖಾಲಿ ಅಂಗಡಿಯ ಅಂಗಳ ಒಳ್ಳೆಯ ಅನುಕೂಲವಾಗಿದೆ. ಇಡೀ ಬೀದಿಯ ಹಿಮ ಅಲ್ಲಿಗೇ ಎಸೆಯಬಹುದು, ಸೊಂಡಿಲು ತಿರುಗಿಸುವ ಕೆಲಸವೇ ಇಲ್ಲ. ಇವತ್ತು ಅಂಗಡಿಯ ಫಲಕದವರೆಗೂ ಮುಚ್ಚಿತು.

ಹಿಸಾಯೊ ತನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ ಒಯ್ದಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ ನನ್ನ ಗೊರಕೆ ಜಾಸ್ತಿಯಾಗಿದೆ ಎಂದಳು. ಆ ಕೋಣೆಯಲ್ಲಿ ಹೀಟರ್ ಇಲ್ಲ, ಗೋಡೆಯೆಲ್ಲ ಥಂಡಿ ಹಿಡಿದಿದೆ. ಅಲ್ಲಿ ಚಳಿ ಕಣೇ ಎಂದೆ.

"ಇಲ್ಲಿಗಿಂತ ಬೆಚ್ಚಗಿದೆ" ಎಂದಳು.

ಹೀಟರ್ ಇಲ್ಲದ ಕೋಣೆ ಹೇಗೆ ಬೆಚ್ಚಗಿರುತ್ತದೋ. ವಯಸ್ಸಾದಂತೆ ಹೆಂಗಸರು ಏನೇನೋ ಹೇಳುತ್ತಾರೆ.